ಹೊಸ ಕಂಪನಿಯ ಗುಳಿಗೆ

ಚೀನಾ ಯುದ್ಧ ಮುಗಿದ ಮರುವರ್ಷ ಮಹಾಲಕ್ಷ್ಮಿಗೆ ತಿಂಗಳ ಮುಟ್ಟು ನಿಂತಿತು. ಇದರಿಂದ ಅವಳಿಗಿಂತ ಹೆಚ್ಚು ಸಂತೋಷಪಟ್ಟವರು ಅವಳ ಅತ್ತೆ ಗಂಗಮ್ಮ.

"ಇನ್ನು ನಮ್ಮನೆ ಒಲೆಗೆ ಅಡ್ಡಿ ಇಲ್ಲೆ," ಎಂದು ಅವರು ಹಳದೀಪುರದ ತಮ್ಮ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದರು. "ತಿಂಗಳಿಗೆ ಮೂರು ದಿನ ಈ ಮುದುಕಿ ಬೇಯಿಸಿದ್ದನ್ನ ಉಂಬ ಕಷ್ಟ ಹರಿಹರಂಗೆ ತಪ್ಪಿತು."

ಆ ಮನೆಯಲ್ಲಿ 'ಹೊರಗೆ' ಎಂದರೆ ಹೊರಗೇ. ಹೊರಜಗುಲಿಯ ಮೂಲೆ, ಒಂದು ಚಾಪೆ, ಒಂದು ಚೊಂಬು, ದೂರದಿಂದ ಸರಿಸಿದ ಬಾಳೆಲೆ. ನಾಲ್ಕನೆಯ ದಿನ ಮಿಂದ ಮೇಲೆಯೇ ಹೊಸ್ತಿಲ ಒಳಗೆ ಕಾಲು. ಮಹಾಲಕ್ಷ್ಮಿ ಮದುವೆಯಾಗಿ ಬಂದಂದಿನಿಂದ ಅದು ಹೀಗೆಯೇ ನಡೆದಿತ್ತು. ಈಗ ಅದು ನಿಂತ ಮೇಲೆ ಅವಳ ಬೆಲೆ ಏರಿತು. ಶ್ರಾದ್ಧದ ಮಡಿ ಅಡುಗೆಗೆ, ವ್ರತದ ನೈವೇದ್ಯಕ್ಕೆ ನೆರೆಮನೆಯವರೂ ಅವಳನ್ನೇ ಕರೆಯತೊಡಗಿದರು. ಗಂಡ ಹರಿಹರ ಹೆಗಡೆ ಹೊನ್ನಾವರದ ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಬೆಳಗಿನ ಬಸ್ಸಿಗೆ ಹೋಗುವ ಮುಂಚೆ ಅವನಿಗೆ ಬಿಸಿ ತೆಳ್ಳೇವು ದೋಸೆ ಬೇಕು, ಸಂಜೆ ಬಂದರೆ ತಂಬುಳಿ ತಯಾರಿರಬೇಕು. ವರ್ಷವಿಡೀ ಅವನಿಗೆ ಎಲ್ಲ ಹೊತ್ತಿಗೆ ಸರಿಯಾಗಿ ಸಿಕ್ಕಿತು.

ಆದರೆ ಒಲೆಯ ಮುಂದೆ ಕುಳಿತವಳ ಮೈಯಲ್ಲಿ ಬೇರೆಯೇ ಒಲೆ ಹತ್ತಿತ್ತು. ಎದೆಯಿಂದ ಎದ್ದ ಝಳ ಕುತ್ತಿಗೆ, ಕಿವಿ ಹಾಯ್ದು ನೆತ್ತಿಗೇರುತ್ತಿತ್ತು. ಮರುಗಳಿಗೆ ಬೆನ್ನೆಲ್ಲ ಒದ್ದೆ. ನಿದ್ದೆ ಅರ್ಧಂಬರ್ಧ. ಒಂದು ದಿನ ಒಡೆದ ಕಾಯಿ ಒಳಗೆ ಕೆಟ್ಟಿತ್ತೆಂದು ಅದನ್ನು ಹಿಡಿದುಕೊಂಡು ಅತ್ತಳು. ಇನ್ನೊಂದು ದಿನ ಹರಿಹರ ಉಪ್ಪು ಕೇಳಿದಾಗ ಉಪ್ಪಿನ ಮರಿಗೆಯನ್ನೇ ಅವನ ಎಲೆಯ ಮುಂದೆ ಕುಕ್ಕಿದಳು.

"ಪಿತ್ತ ಏರಿದ್ದು," ಎಂದ ಹರಿಹರ.

"ಕೊಬ್ಬು ಏರಿದ್ದು," ಎಂದರು ಗಂಗಮ್ಮ.

ಬೂದಗುಂಬಳದ ರಸ ಕುಡಿದಾಯಿತು, ಲಾವಂಚದ ನೀರು ಆಯಿತು, ಕೊತ್ತಂಬರಿ ಕಷಾಯ ಆಯಿತು. ಝಳ ಇಳಿಯಲಿಲ್ಲ. ಕೊನೆಗೆ ಬಾಯಿ ಹಾಕಿದವಳು ಮಗಳು ಶ್ರೀಮತಿ. ಅವಳೊಬ್ಬಳೇ ಆ ಮನೆಯ ಮಗು. ಕುಮಟೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬಂದು ಬಿ.ಎ. ಮುಗಿಸುತ್ತಿದ್ದಳು.

"ಇದು ಪಿತ್ತ ಅಲ್ಲ ಅಪ್ಪಯ್ಯ. ಈ ವಯಸ್ಸಿನ ಹೆಂಗಸರಿಗೆ ಆಪ್ಪಂಥದು. ಇದಕ್ಕೆ ಔಷಧ ಇದ್ದು," ಎಂದು ತಂದೆಯ ಬಾಯಿ ಮುಚ್ಚಿಸಿ, ತಾಯಿಯನ್ನು ಕುಮಟೆಯ ಡಾಕ್ಟರಬಾಯಿಯ ಬಳಿಗೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ತಾಯಿಗೆ ಕಿಟಕಿಯ ಬದಿ ಬಿಟ್ಟುಕೊಟ್ಟಳು. ಡಾಕ್ಟರಬಾಯಿಯ ಮುಂದೆ ತಾಯಿಗೆ ಮಾತು ಹೊರಡದಿದ್ದಾಗ ತಾನೇ ಎಲ್ಲ ಹೇಳಿದಳು. ಹೆತ್ತವಳ ಮೈಯ ಸಂಗತಿಯನ್ನು ನಾಚದೆ ಹೇಳುವ ಮಗಳನ್ನು ಪಡೆಯಲು ಯಾವ ದೇವರಿಗೆ ಹೂ ಏರಿಸಿದ್ದೆನೋ ಎಂದು ಮಹಾಲಕ್ಷ್ಮಿಗೆ ಅನ್ನಿಸಿತು.

ಡಾಕ್ಟರಬಾಯಿ ಕೊಂಕಣಿ ಮಾತಿನವಳು, ನಡುವಯಸ್ಸು, ಕಟ್ಟುನಿಟ್ಟು. "ಮೈಯಲ್ಲೇ ಆಗುತ್ತಿದ್ದ ಒಂದು ರಸ ಈಗ ನಿಂತಿದೆ ಅಮ್ಮಾ. ಅದನ್ನೇ ಗುಳಿಗೆಯಲ್ಲಿ ಕೊಡುತ್ತೇನೆ. ಮೂರು ವಾರ ತೆಗೆದುಕೊಳ್ಳಿ, ಒಂದು ವಾರ ಬಿಡಿ. ಬಿಟ್ಟ ವಾರ ಮುಟ್ಟು ಕಾಣಬಹುದು, ಹೆದರಬೇಡಿ. ಬೇರೆ ಹೊತ್ತಿನಲ್ಲಿ ಕಂಡರೆ ಮಾತ್ರ ಕೂಡಲೇ ಬನ್ನಿ."

"ಎಷ್ಟು ಕಾಲ ತೆಗೆದುಕೊಳ್ಳಬೇಕು?" ಎಂದು ಮಹಾಲಕ್ಷ್ಮಿ ಕೇಳಿದಳು.

"ಜನ್ಮವಿಡೀ ಅಲ್ಲ. ಆದರೆ ಯಾವಾಗ ಕಡಿಮೆ ಮಾಡುವುದು, ಯಾವಾಗ ಬಿಡುವುದು ಎಂಬುದನ್ನು ನೀವೇ ಬಂದು ಹೇಳಬೇಕು. ಝಳ ನಿಮಗೆ ಗೊತ್ತು, ನನಗಲ್ಲ."

ನೀವೇ ಹೇಳಬೇಕು. ಮಹಾಲಕ್ಷ್ಮಿಗೆ ಈ ಮಾತನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅವಳ ಮದುವೆಯ ದಿನ, ಬಸುರಿಯಾದಾಗ ತವರಿಗೆ ಕಳಿಸಿದ ದಿನ, ಎಲ್ಲವನ್ನೂ ಬೇರೆಯವರೇ ಹೇಳಿದ್ದರು.

ಗುಳಿಗೆ ಹಿಡಿಸಿತು. ತಿಂಗಳೊಳಗೆ ಝಳ ತಗ್ಗಿ ನಿದ್ದೆ ಬಂತು. ತೆಳ್ಳೇವು ಎರೆಯುತ್ತ ಅವಳು ಹಳೆಯ ಹಾಡು ಗುನುಗಿದ್ದನ್ನು ಕೇಳಿ, ಅಂಗಳ ಗುಡಿಸುತ್ತಿದ್ದ ಕೆಲಸದ ನಾಗಿ, "ಅಮ್ಮೋರ್ಗೆ ದನಿ ಬಂತಲಾ!" ಎಂದಳು. ಬಿಟ್ಟ ವಾರದಲ್ಲಿ ಮುಟ್ಟೂ ಬಂತು. ಮಹಾಲಕ್ಷ್ಮಿ ಚಾಪೆ, ಚೊಂಬು ಹಿಡಿದು ಹೊರಜಗುಲಿಯ ಮೂಲೆಗೆ ಹೋದಳು.

"ಅಲ್ಲೆಂತ ಕೂತ್ಕಂಡೆ?" ಎಂದರು ಗಂಗಮ್ಮ.

"ಆನು ಹೊರಗೆ, ಅತ್ತೆ."

ಗಂಗಮ್ಮ ಕೈಯಲ್ಲಿದ್ದ ಬೆಳ್ತಿಗೆಯಕ್ಕಿಯ ಮೊರವನ್ನು ಕೆಳಗಿಟ್ಟರು. "ಶಿವ ಶಿವಾ! ದೇವರು ನಿಲ್ಸಿದ್ದನ್ನ ದುಡ್ಡು ಕೊಟ್ಟು ಮನೆಗೆ ತಂದ್ಕಂಬ ಹೆಂಗಸು ಈ ಸೀಮೆಲಿ ನೀನೊಬ್ಳೇಯ!"

"ನಿದ್ದೆ ಬತ್ತು, ಅತ್ತೆ."

"ನಿದ್ದೆ ಬತ್ತು ಹೇಳಿ ಮೈಲಿಗೆ ತಂದ್ಕಂಬದಾ? ಆ ಗುಳಿಗೆ ಬಾವಿಗೆ ಹಾಕ್ತೆ ನೋಡ್ತಿರು."

"ಹಾಕಡ ಅಜ್ಜೀ," ಎಂದು ಒಳಗಿನಿಂದ ಶ್ರೀಮತಿ ಕೂಗಿದಳು. "ಆಮೇಲೆ ಬಾವಿ ಮೂರು ದಿನ ಹೊರಗೆ ಕೂರ್ತು!"

ಮಹಾಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಗಂಗಮ್ಮ ಮೂರು ದಿನವೂ ಬೈದುಕೊಂಡೇ ಅಡುಗೆ ಮಾಡಿದರು. ಅನ್ನ ತಳ ಹಿಡಿಯಿತು, ಹುಳಿಗೆ ಉಪ್ಪು ಬೀಳಲಿಲ್ಲ. ಹರಿಹರ ಉಂಡು ಕೈ ತೊಳೆದ. ಅಲ್ಲಿಂದ ತಿಂಗಳು ತಿಂಗಳೂ ಇದೇ ಕತೆಯಾಯಿತು. ಅತ್ತೆಯ ಬೈಗುಳಕ್ಕೆ ಮಹಾಲಕ್ಷ್ಮಿ ಒಂದೇ ಉತ್ತರ ಇಟ್ಟುಕೊಂಡಿದ್ದಳು: "ಯಾವಾಗ ಬಿಡದು ಹೇಳಿ ಆನೇ ಹೇಳ್ತೆ." ಮಗಳು ಬೆನ್ನಿಗಿದ್ದಾಳೆಂಬ ಧೈರ್ಯ ಅದು.

ಹೀಗಿರುವಾಗ ಶ್ರೀಮತಿಗೆ ಗಂಡು ಗೊತ್ತಾಯಿತು. ಭಟ್ಕಳದ ಹತ್ತಿರದ ಮನೆತನ. ಮಾಣಿ ವಿಘ್ನೇಶ್ವರ ಅಲ್ಲಿಯೇ ಹೈಸ್ಕೂಲು ಮಾಸ್ತರ. ಪುರೋಹಿತರು ವೈಶಾಖದಲ್ಲಿ ಮುಹೂರ್ತ ಇಟ್ಟುಕೊಟ್ಟರು. ಆ ಸಂಜೆ ಊಟಕ್ಕೆ ಕುಳಿತಾಗ ಗಂಗಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದರು.

"ಮದುವೆ ನಿನ್ನ ಬಿಡು ವಾರದಲ್ಲೇ ಬತ್ತಲೇ ಮಾಲಕ್ಷ್ಮೀ. ಧಾರೆ ಎರೆಯದು ಯಾರು?"

ಮಗಳ ಕೈಯನ್ನು ತಂದೆ ಅಳಿಯನ ಕೈಯಲ್ಲಿಡುವಾಗ ಮೇಲಿನಿಂದ ನೀರು ಎರೆಯಬೇಕಾದವಳು ತಾಯಿ. ತಾಯಿ ಹೊರಗಿದ್ದರೆ ಕನ್ಯಾದಾನಕ್ಕೆ ಕೂರುವವರು ಚಿಕ್ಕಪ್ಪ, ಚಿಕ್ಕಮ್ಮ.

"ನಾಗಪತಿಗೆ ಹೇಳಿದ್ರಾತು," ಎಂದ ಹರಿಹರ. ನಾಗಪತಿ ಅವನ ತಮ್ಮ, ಹೊನ್ನಾವರದಲ್ಲಿ ಮನೆ ಮಾಡಿದ್ದ. "ಅವನೂ ಅವನ ಹೆಂಡ್ತಿಯೂ ಕೂರ್ತ."

"ನಾಗಪತಿ ಎಂತಕ್ಕೆ? ಆನು ಸತ್ತಿದ್ನಾ?" ಮಹಾಲಕ್ಷ್ಮಿಯ ಕೈಯ ಸೌಟು ನಿಂತಿತು. "ಇಪ್ಪದೊಂದು ಮಗಳು. ಡಾಕ್ಟರಬಾಯಿ ಹತ್ರ ಹೋಗಿ ಕೇಳ್ತೆ, ಎಂತಾದ್ರೂ ದಾರಿ ಇಕ್ಕು."

"ಹಪ್ಪಳದ ಕೆಲಸ ಬಿಟ್ಟು ನೀನೆಲ್ಲಿ ಹೋಗ್ತೆ ಆಯಿ?" ಎಂದಳು ಶ್ರೀಮತಿ. "ಆನು ಹ್ಯಾಂಗೂ ಕುಮಟೆಗೆ ಹೋಗ್ತೆ. ಕೇಳ್ಕಂಡು ಬತ್ತೆ."

ಆ ಸಲದ ಮೂರು ದಿನ ಕಳೆದು ಮಿಂದು ಬಂದ ತಾಯಿಯ ಕೈಗೆ ಶ್ರೀಮತಿ ಒಂದು ಹೊಸ ಡಬ್ಬಿ ಕೊಟ್ಟಳು. ಮುಂಚಿನ ಗುಳಿಗೆ ಸಣ್ಣದು, ಬಣ್ಣದ್ದು. ಇದು ಬಿಳಿ, ದೊಡ್ಡದು.

"ಬೇರೆ ಕಾಣ್ತಲೆ ತಂಗೀ?" ಆ ಮನೆಯಲ್ಲಿ ಮಗಳನ್ನು ಕರೆಯುವುದೇ ತಂಗಿ ಎಂದು.

"ಹೊಸ ಕಂಪನಿದು ಆಯಿ. ಇದನ್ನ ಮಧ್ಯ ಬಿಡದೇ ಬೇಡ, ದಿನಾ ತಗಳದು. ಹೊರಗೆ ಆಗ್ತಿಲ್ಲೆ. ಧಾರೆ ನೀನೇ ಎರೆಯಲಕ್ಕು."

ಮಹಾಲಕ್ಷ್ಮಿ ಮಗಳ ಕೆನ್ನೆ ಸವರಿ ಬೆರಳು ನೆಟಿಗೆ ಮುರಿದಳು.

ಫಾಲ್ಗುಣ ಕಳೆಯುವಷ್ಟರಲ್ಲಿ ಝಳ ಮತ್ತೆ ಎದ್ದಿತು. ಬೇಸಿಗೆಯ ಸೆಕೆ ಎಂದು ಮಹಾಲಕ್ಷ್ಮಿ ತನಗೆ ತಾನೇ ಹೇಳಿಕೊಂಡಳು. ಮದುವೆ ಮನೆಯ ಗಡಿಬಿಡಿ ಎಂದಳು. ಬಿಳಿ ಗುಳಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಹಲಸಿನ ಹಪ್ಪಳ ಲಟ್ಟಿಸಲು ಕೇರಿಯ ಹೆಂಗಸರು ಬಂದು ಕುಳಿತಿದ್ದಾಗ ಅವಳ ಮುಖ ಕೆಂಪಾಗಿ ಬೆವರು ಹಿಟ್ಟಿನ ಮೇಲೆಯೇ ತೊಟ್ಟಿಕ್ಕಿತು. ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ಮಹಾಲಕ್ಷ್ಮಿ ಲಟ್ಟಣಿಗೆ ಎಸೆದು ಎದ್ದುಹೋದಳು.

ಅಲ್ಲಿಂದ ಮನೆ ಅವಳ ಕೈ ತಪ್ಪತೊಡಗಿತು. ನಿದ್ದೆಯಿಲ್ಲದ ಕಣ್ಣಿಗೆ ಏನೂ ನೆಟ್ಟಗೆ ಕಾಣದು. ಸಕ್ಕರೆ ತಂದಿದೆಯೋ ಇಲ್ಲವೋ ನೆನಪಿಲ್ಲ. ಬೆಲ್ಲದ ಪಾಕ ಸುಟ್ಟಿತು. ನಾಗಿ ಒಂದು ಕೊಡ ನೀರು ಚೆಲ್ಲಿದ್ದಕ್ಕೆ ಬಾಯಿಗೆ ಬಂದಂತೆ ಬೈದು, ಆಮೇಲೆ ಅವಳನ್ನು ಕರೆದು ಕೂರಿಸಿಕೊಂಡು ಅತ್ತಳು. ಒಂದು ಬೆಳಿಗ್ಗೆ ಉಗ್ರಾಣದ ಕೀಲಿಕೈ ಎಲ್ಲಿಟ್ಟಳೆಂದೇ ತಿಳಿಯದೆ ಮನೆ ತಲೆಕೆಳಗಾಯಿತು. ಕೊನೆಗೆ ಅದು ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು.

ಹರಿಹರ ಕೀಲಿಕೈ ತೆಗೆದುಕೊಂಡು ತಾಯಿಯ ಮುಂದಿಟ್ಟ. "ಮದುವೆ ಮುಗಿವವರೆಗೆ ನಿನ್ನ ಹತ್ರ ಇರ್ಲಿ ಅಮ್ಮ. ಇದಕ್ಕೆ ಈಗ ತಲೆ ನಿಂತಿದ್ದಿಲ್ಲೆ."

ಇಪ್ಪತ್ತೈದು ವರ್ಷ ಸೊಂಟದಲ್ಲಿದ್ದ ಕೀಲಿಕೈ. ಮಹಾಲಕ್ಷ್ಮಿ ನೋಡುತ್ತ ನಿಂತಳು. ಮಗಳು ಏನಾದರೂ ಹೇಳಿಯಾಳು ಎಂದು ಅವಳತ್ತ ತಿರುಗಿದಳು. ಶ್ರೀಮತಿ ಸೀರೆಗೆ ಫಾಲ್ ಹೊಲಿಯುತ್ತ ಸೂಜಿಯ ಮೇಲಿನ ಕಣ್ಣು ತೆಗೆಯಲಿಲ್ಲ.

ಇನ್ನೊಂದು ದಿನ ಧಾರೆಸೀರೆಯ ಬಣ್ಣಕ್ಕೆ ತಾಯಿ ಮಗಳಿಗೆ ಮಾತು ಬೆಳೆಯಿತು. ಮಹಾಲಕ್ಷ್ಮಿ ದನಿ ಏರಿಸಿದಳು. ಶ್ರೀಮತಿ ಸೀರೆಯನ್ನು ಮಡಿಸಿಡುತ್ತ, "ಆಯಿ, ನಿಂಗೆ ಎಂತಾಯ್ದು? ಬೀಗರು ಬಂದಾಗ ಹೀಂಗೇ ಕೂಗಡ. ತಲೆ ಸರಿ ಇಲ್ಲೆ ಹೇಳಿ ತಿಳ್ಕತ್ತ," ಎಂದಳು.

ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ನಿಂತಿತು. ತನಗೆ ನಿಜಕ್ಕೂ ತಲೆ ಕೆಡುತ್ತಿದೆಯೆ? ಸೋದರತ್ತೆಯೊಬ್ಬಳು ಇದೇ ವಯಸ್ಸಿನಲ್ಲಿ ಮಾತು ಬಿಟ್ಟು ಅಟ್ಟದ ಮೇಲೆ ಕೂರುತ್ತಿದ್ದಳಂತೆ. ಎರಡು ದಿನ ಇದನ್ನೇ ನೆನೆದು ನೆನೆದು ಮೂರನೆಯ ದಿನ ಅವಳು ಒಂದು ನಿರ್ಧಾರಕ್ಕೆ ಬಂದಳು. ಹೊಸ ಕಂಪನಿಯ ಗುಳಿಗೆ ತನಗೆ ಸಾಲುತ್ತಿಲ್ಲ. ಬದಲಾಯಿಸಬೇಕು. ಯಾವಾಗ ಎಂದು ನೀವೇ ಬಂದು ಹೇಳಬೇಕು ಎಂದಿದ್ದರಲ್ಲ, ಹೋಗಿ ಹೇಳಬೇಕು.

ಬಳೆ ತರುತ್ತೇನೆಂದು ಹೇಳಿ ಅವಳು ಒಬ್ಬಳೇ ಕುಮಟೆಯ ಬಸ್ಸು ಹತ್ತಿದಳು. ಹಾಗೆ ಒಬ್ಬಳೇ ಬಸ್ಸಿನಲ್ಲಿ ಹೋದದ್ದು ಅದೇ ಮೊದಲು.

ಡಾಕ್ಟರಬಾಯಿ ಅವಳ ಮುಖ ನೋಡಿಯೇ ಕುರ್ಚಿ ಹತ್ತಿರ ಎಳೆದುಕೊಂಡಳು. "ಎಂಥಾ ಸೊರಗಿದ್ದೀರಿ ಅಮ್ಮಾ! ಇದಕ್ಕೇ ಹೇಳಿದ್ದು, ಒಮ್ಮೆಲೇ ಬಿಡಬೇಡಿ, ಅರ್ಧ ಅರ್ಧ ಮಾಡಿ ಇಳಿಸಿ ಅಂತ."

"ಬಿಟ್ಟಿಲ್ಲ ಬಾಯೀ. ದಿನಾ ತೆಗೆದುಕೊಳ್ಳುತ್ತಿದ್ದೇನೆ." ಮಹಾಲಕ್ಷ್ಮಿ ಸೆರಗಿನ ಗಂಟು ಬಿಚ್ಚಿ ಬಿಳಿ ಗುಳಿಗೆ ತೋರಿಸಿದಳು. "ಇದರದ್ದೇ ಜೋರಿನದು ಬೇಕಿತ್ತು."

ಡಾಕ್ಟರಬಾಯಿ ಗುಳಿಗೆಯನ್ನು ನೋಡಿದಳು. ಆಮೇಲೆ ಅವಳನ್ನು ನೋಡಿದಳು.

"ಇದು ಸುಣ್ಣದ ಗುಳಿಗೆ. ಎಲುಬಿಗೆ ಅಂತ ನಾನೇ ಕೊಟ್ಟದ್ದು. ಆ ಔಷಧ ಬಿಡಬೇಕೆಂದು ನೀವೇ ನಿಶ್ಚಯ ಮಾಡಿದಿರಿ ಎಂದಳಲ್ಲ ನಿಮ್ಮ ಮಗಳು? 'ಆಯಿಗೆ ಸಾಕಾಗಿದೆಯಂತೆ, ಅಪ್ಪಯ್ಯನೂ ಹಾಗೇ ಹೇಳಿದರು' ಎಂದಳು."

ಹೊರಗೆ ಯಾರದೋ ಮಗು ಅಳುತ್ತಿತ್ತು. ಮಹಾಲಕ್ಷ್ಮಿಗೆ ಝಳ ಏರಿತು. ಈ ಸಲ ಅವಳು ಸೆರಗು ಬೀಸಿಕೊಳ್ಳಲಿಲ್ಲ. ಮೆಲ್ಲಗೆ, "ಮದುವೆಯ ದಿನ ನಾನು ಹೊರಗೆ ಆಗಬಾರದು ಅಂತ ಮಾಡಿರಬೇಕು," ಎಂದಳು.

"ಅದಕ್ಕಾ?" ಡಾಕ್ಟರಬಾಯಿಗೆ ಸಿಟ್ಟೇ ಬಂತು. "ಅದನ್ನು ನನ್ನ ಹತ್ತಿರ ಕೇಳಬಾರದಿತ್ತೆ? ವಾರಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಿದ್ದರೆ ಆಗಿಹೋಗುತ್ತಿತ್ತು. ಇದಕ್ಕಾಗಿ ನಿಮ್ಮನ್ನು ಎರಡು ತಿಂಗಳು ಬೇಯಿಸುವುದೆ?" ಆಮೇಲೆ ತಾನೇ ತಣ್ಣಗಾಗಿ, "ನನ್ನದೂ ತಪ್ಪೇ. ನಿಮ್ಮನ್ನೇ ಕರೆತಾ ಎನ್ನಬೇಕಿತ್ತು. ಈಗ ಹೇಳಿ, ಮದುವೆ ಎಂದು?" ಎಂದಳು.

"ಬರುವ ವಾರ ಕಳೆದು."

"ಇವತ್ತಿಂದ ಶುರು ಮಾಡಿದರೆ ಮೂರು ವಾರದ ತನಕ ಏನೂ ಬರಲಿಕ್ಕಿಲ್ಲ. ಧಾರೆಗೆ ನೀವೇ ನಿಲ್ಲಬಹುದು. ಬೇಕೋ ಬೇಡವೋ, ನೀವೇ ಹೇಳಿ."

"ಬೇಕು," ಎಂದಳು ಮಹಾಲಕ್ಷ್ಮಿ.

ಬಳೆ ತರುವುದನ್ನು ಮರೆತು ಅವಳು ಮನೆಗೆ ಬಂದಳು. ಅನ್ನ ಬಸಿದಳು, ಮಾವಿನಮಿಡಿ ಕಿವುಚಿ ಅಪ್ಪೆಹುಳಿ ಮಾಡಿದಳು. ಎಲ್ಲರೂ ಎಲೆಯ ಮುಂದೆ ಕುಳಿತ ಮೇಲೆ, ಹರಿಹರನ ಎಲೆಗೆ ಅನ್ನ ಬಡಿಸಿ, ಅದರ ಬದಿಗೆ ಆ ಬಿಳಿ ಗುಳಿಗೆಯ ಡಬ್ಬಿ ಇಟ್ಟಳು.

"ಇದೆಂತ?" ಎಂದ ಹರಿಹರ.

"ಸುಣ್ಣ. ಯಂಗೆ ಎರಡು ತಿಂಗಳು ತಿನ್ನಿಸಿದ್ರಲೆ, ನೀವೂ ಒಂದು ತಿಂದು ನೋಡಿ."

ಶ್ರೀಮತಿಯ ಕೈಯ ತುತ್ತು ಎಲೆಗೆ ಬಿತ್ತು. ಗಂಗಮ್ಮ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು. "ಎಂತ ಆತು? ಯಾರಾದ್ರೂ ಹೇಳ್ತ್ರಾ?"

"ನಿಮ್ಮ ಮಗನೂ ಮೊಮ್ಮಗಳೂ ಕೂಡಿ ಯನ್ನ ಗುಳಿಗೆ ಬದಲಿಸಿದ್ದ, ಅತ್ತೆ. ಆನು ಬಿಟ್ಟೆ ಹೇಳಿ ಡಾಕ್ಟರಬಾಯಿಗೆ ಹೇಳಿದ್ದ. ತಗಳ್ತಾ ಇದ್ದೆ ಹೇಳಿ ಯನ್ನ ನಂಬ್ಸಿದ್ದ."

"ಹೇಳಿದ್ರೆ ನೀನು ಒಪ್ತಿದ್ಯಾ?" ಎಂದ ಹರಿಹರ. "ಮಾತೆತ್ತಿದ್ರೆ 'ಆನೇ ಹೇಳ್ತೆ, ಆನೇ ಹೇಳ್ತೆ' ಹೇಳ್ತಿದ್ದೆ. ಮದುವೆ ಮನೆಲಿ ಜಗಳ ಎಂತಕ್ಕೆ ಹೇಳಿ..."

"ಕೇಳಿ ನೋಡಕ್ಕಾಗಿತ್ತು. ಒಬ್ಳೇ ಮಗಳು. ಎರಡು ತಿಂಗಳು ಸುಟ್ಕತ್ತೆ ಹೇಳಿ ಆನೇ ಒಪ್ತಿದ್ದೆನೋ ಎಂತದೋ. ಕೇಳಿದ್ರಾ?"

ಶ್ರೀಮತಿ ಅಳತೊಡಗಿದಳು. "ನೀನೇ ಧಾರೆ ಎರೀಬೇಕು ಹೇಳಿ ಮಾಡಿದ್ದು ಆಯಿ. ಚಿಕ್ಕಮ್ಮ ಎರೆಯದು ಯಂಗೆ ಬ್ಯಾಡಾಗಿತ್ತು. ಭಟ್ಕಳದವು ಎಲ್ಲರ ಎದುರು ಕೂಸಿನ ಆಯಿ ಎಲ್ಲಿದ್ದು ಹೇಳಿ ಕೇಳಿದ್ರೆ..."

"ನಿಂಗೆ ಬೇಕಾಗಿದ್ದು ಯನ್ನ ಕೈ, ತಂಗೀ. ಆನು ಬ್ಯಾಡಾಗಿತ್ತು."

"ಆಯೀ!"

"ಕೀಲಿಕೈ ತೆಗೆವಾಗ ನೋಡ್ತಾ ಕೂತಿದ್ದೆ. ಎಂತಕ್ಕೆ ಹೀಂಗೆ ಆಗ್ತು ಹೇಳಿ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ತಲೆ ಸರಿ ಇಲ್ಲೆ ಹೇಳಿದ್ದೆ."

ಗಂಗಮ್ಮ ಎಲೆಯ ಮೇಲೆ ಕೈ ಒದರಿ ಎದ್ದರು. ಎಲ್ಲರೂ ಅವರು ಸೊಸೆಗೇ ಬೈಯುತ್ತಾರೆಂದುಕೊಂಡರು. ಅವರು ಮಗನ ಕಡೆಗೆ ತಿರುಗಿದರು. "ಬಾವಿಗೆ ಹಾಕ್ತೆ ಹೇಳಿ ಆನು ಹತ್ತು ಸಲ ಕೂಗಿದ್ದೆ. ಮಾಲಕ್ಷ್ಮಿ ಎದುರೇ ಕೂಗಿದ್ದೆ. ಕದ್ದು ಹಾಕಿದ್ದಿಲ್ಲೆ. ಹೆತ್ತವಳಿಗೆ ಕೂಸು, ಕಟ್ಕಂಡವಳಿಗೆ ನೀನು, ಚೆಂದ ಮಾಡಿದ್ರಿ!" ಎಂದು ಹೇಳಿ ಸೊಂಟದ ಕೀಲಿಕೈ ತೆಗೆದು ಸೊಸೆಯ ಕಡೆಗೆ ನೂಕಿದರು. ಆದರೂ ಬಾಯಿ ಸುಮ್ಮನಿರಲಿಲ್ಲ: "ಗುಳಿಗೆ ಮಾತ್ರ ಅನಿಷ್ಟದ್ದೇಯ. ಅದನ್ನ ಈಗ್ಲೂ ಹೇಳ್ತೆ."

ಗುಳಿಗೆ ಮತ್ತೆ ಶುರುವಾದ ಮೇಲೆ ಝಳ ಒಮ್ಮೆಲೇ ಇಳಿಯದಿದ್ದರೂ ಮಹಾಲಕ್ಷ್ಮಿಯ ಕಣ್ಣಿಗೆ ಸ್ವಲ್ಪ ನಿದ್ದೆ ಹತ್ತಿತು. ಅಂಗಳದಲ್ಲಿ ಚಪ್ಪರ ಎದ್ದಿತು. ಅವಳು ನಿಂತು ಅಡುಗೆಭಟ್ಟರಿಗೆ ಸಾಮಾನು ಅಳೆದುಕೊಟ್ಟಳು, ನಂಟರಿಗೆ ಹಾಸಿಗೆ ಹಂಚಿದಳು. ಅವಳು ಕೂಗದ್ದನ್ನು ನೋಡಿ ಮನೆಯವರು ಎಲ್ಲ ಮುಗಿಯಿತೆಂದುಕೊಂಡರು. ತಪ್ಪಾಯಿತು ಎಂಬ ಒಂದು ಮಾತನ್ನು ಯಾರೂ ಆಡಲಿಲ್ಲ. ಶ್ರೀಮತಿ ಮುಂಚಿನ ಹಾಗೆ ತಾಯಿಯ ಹೆಗಲಿಗೆ ಒರಗಿ ಜಡೆ ಹಾಕಿಸಿಕೊಂಡಳು. ಮಹಾಲಕ್ಷ್ಮಿ ಜಡೆ ಹಾಕಿದಳು. ಇನ್ನೂ ಏನೋ ಒಂದು ಮಾತು ಬಂದೀತು ಎಂದು ಅವಳು ಕಾದಳು.

ಮದುವೆಯ ಮುನ್ನಾದಿನ ಮಧ್ಯಾಹ್ನ ಆ ಮಾತು ಬಂತು. ಹರಿಹರ ಉಂಡು ಎಲೆಯಡಿಕೆ ಹಾಕಿಕೊಳ್ಳುತ್ತ ಹಗುರವಾಗಿ ಶುರುಮಾಡಿದ.

"ಹೊಯ್, ಗುಳಿಗೆ ವಿಷಯ ಆನೂ ತಂಗಿಯೂ ಮಾತಾಡಿದ್ಯ. ಈಗ ನಡೀಲಿ. ನವರಾತ್ರಿ ಹೊತ್ತಿಗೆ ನಿಲ್ಸಿದ್ರಾತು."

"ಯಾರು ಮಾತಾಡಿದ್ದು?"

"ಮೊದಲ ದೀಪಾವಳಿ ಅಲ್ದಾ ಆಯಿ," ಎಂದಳು ಶ್ರೀಮತಿ. ಅವಳ ಕೈಗೆ ಮದರಂಗಿ ಹಚ್ಚಿತ್ತು. ಎರಡೂ ಅಂಗೈ ಮೇಲೆತ್ತಿ ಹಿಡಿದು ಕುಳಿತಿದ್ದಳು. "ಅವು ಎಲ್ಲರೂ ಇಲ್ಲಿಗೆ ಬತ್ತ. ಅಳಿಯಂಗೆ ಎಣ್ಣೆ ಹಚ್ಚಕ್ಕಾದವಳು ನೀನು, ಆವಾಗ ಹೊರಗೆ ಕೂತ್ರೆ ಚೊಲೋ ಕಾಣ್ತಾ? ಈ ಸಲ ನಿಂಗೆ ಹೇಳಿಯೇ ಮಾಡ್ತ್ಯ, ಸಿಟ್ಟು ಮಾಡಡ."

"ಹೇಳಿಯೇ," ಎಂದಳು ಮಹಾಲಕ್ಷ್ಮಿ.

"ಹ್ಞೂಂ, ಈಗ ಹೇಳಿದ್ವಲೆ."

ಅವರ ಮುಖದಲ್ಲಿ ಕಪಟವೇನೂ ಇರಲಿಲ್ಲ. ತಾವು ಈ ಸಲ ನೆಟ್ಟಗೆ ನಡೆದುಕೊಂಡೆವೆಂಬ ಸಮಾಧಾನವಿತ್ತು. ಹೇಳುವುದಕ್ಕೂ ಕೇಳುವುದಕ್ಕೂ ಇರುವ ಅಂತರ ಅಪ್ಪನಿಗೂ ತಿಳಿದಿಲ್ಲ, ಓದಿದ ಮಗಳಿಗೂ ತಿಳಿದಿಲ್ಲ. ಮಹಾಲಕ್ಷ್ಮಿ ಎಂಜಲೆಲೆ ಎತ್ತಿಕೊಂಡು ಹೋದಳು.

ಮದುವೆಯ ಬೆಳಿಗ್ಗೆ ದಿಬ್ಬಣ ಶರಾವತಿ ದಾಟಿ ಹೊನ್ನಾವರಕ್ಕೆ ಬಂದಿದೆ, ಬಸ್ಸು ಹತ್ತಿದೆ ಎಂದು ಸುದ್ದಿ ಬಂತು. ಪುರೋಹಿತರು ಮಂಟಪದಲ್ಲಿ ರಂಗೋಲಿ ಹಾಕುತ್ತಿದ್ದರು. ಮಹಾಲಕ್ಷ್ಮಿಗೆಂದು ತಂದ ರೇಷ್ಮೆ ಸೀರೆ ನಡುಮನೆಯ ಹಗ್ಗದ ಮೇಲೆ ಮಡಿಯಲ್ಲಿ ಒಣಗಿತ್ತು. ಅವಳು ಬಚ್ಚಲಿನಿಂದ ಬಂದದ್ದು ಹಳೆಯ ನೂಲಿನ ಸೀರೆಯಲ್ಲಿ. ನಡುಮನೆಗೆ ಬರಲಿಲ್ಲ. ಹಿತ್ತಲಿನಿಂದ ಸುತ್ತಿ ಬಂದು ಹೊರಜಗುಲಿಯ ಮೂಲೆಯಲ್ಲಿ ಕುಳಿತಳು.

ಮೊದಲು ಕಂಡವರು ಗಂಗಮ್ಮ. "ಮಾಲಕ್ಷ್ಮೀ, ಅಲ್ಲೆಂತಕ್ಕೆ? ಹೊತ್ತಾತು!"

"ಆನು ಹೊರಗೆ, ಅತ್ತೆ."

ಗಂಗಮ್ಮ ಹತ್ತಿರ ಬಂದರು. ಮುಟ್ಟಬಾರದೆಂದು ಎರಡು ಮಾರು ದೂರದಲ್ಲಿ ನಿಂತರು. ತುಂಬ ಹೊತ್ತು ಸೊಸೆಯ ಮುಖ ನೋಡಿದರು. ಅವರು ಐದು ಹೆತ್ತವರು.

"ನಿಜವಾ?" ಎಂದರು ತಗ್ಗಿದ ದನಿಯಲ್ಲಿ.

"ಡಾಕ್ಟರಬಾಯಿ ಹತ್ರ ಕೇಳಿ ಬನ್ನಿ."

ಗಂಗಮ್ಮ ಒಳಗೆ ಹೋಗಿ, "ನಾಗಪತಿ ಹೆಂಡ್ತಿ ಎಲ್ಲಿದ್ದು? ಬೇಗ ಮೀಯಲೆ ಹೇಳಿ," ಎಂದು ಕೂಗಿದರು.

ಹರಿಹರ ಓಡಿ ಬಂದ. ಪಂಚೆಯ ಚುಂಗು ಕೈಯಲ್ಲಿತ್ತು. "ಇದೆಂತದೇ? ಮೂರು ವಾರ ಹೊರಗೆ ಆಗ್ತಿಲ್ಲೆ ಹೇಳಿ ಡಾಕ್ಟರಬಾಯಿ ಮಾತು ನೀನೇ ಹೇಳಿದ್ಯಲೆ?" ಸುತ್ತ ನಂಟರು ನಿಂತಿದ್ದರು. ಗಂಡಸು ಇದಕ್ಕಿಂತ ಹೆಚ್ಚು ಕೇಳುವ ಹಾಗಿರಲಿಲ್ಲ. ಹೆಂಗಸು ಹೊರಗೆ ಎಂದರೆ ಹೊರಗೆ. ಆ ಊರಿನಲ್ಲಿ ಆ ಮಾತಿಗೆ ಸಾಕ್ಷಿ ಕೇಳಿದವರಿಲ್ಲ. ಅವನು ಪಂಚೆಯ ಚುಂಗು ಸಿಕ್ಕಿಸಿಕೊಂಡು ಒಳಗೆ ಹೋದ.

ಧಾರೆಯ ಹೊತ್ತಿಗೆ ವಾದ್ಯ ಜೋರಾಯಿತು. ಮಹಾಲಕ್ಷ್ಮಿ ಕುಳಿತಲ್ಲಿಂದ ಜನರ ಬೆನ್ನು ಕಾಣುತ್ತಿತ್ತು. ಬೆನ್ನುಗಳ ಸಂದಿನಲ್ಲಿ ನಾಗಪತಿಯ ಹೆಂಡತಿಯ ಬಳೆಗೈಯೂ, ಅದರಲ್ಲಿ ಬಗ್ಗಿದ ಗಿಂಡಿಯೂ ಕಂಡವು. ಮಗಳ ಮುಖ ಕಾಣಲಿಲ್ಲ. ಮಹಾಲಕ್ಷ್ಮಿ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಳು. ಅಳು ಬಂತು, ಅತ್ತಳು. ಎದ್ದುಹೋಗಿ, ಇಲ್ಲ, ನಾನು ಹೊರಗಿಲ್ಲ ಎಂದುಬಿಟ್ಟರೆ ಆಯಿತು ಎಂದು ಒಂದು ಗಳಿಗೆ ಮನಸ್ಸು ಹರಿದುಹೋಯಿತು. ಅಷ್ಟರಲ್ಲಿ ಅಕ್ಷತೆ ಬಿತ್ತು.

ಹೊರಡುವ ಹೊತ್ತಿಗೆ ಶ್ರೀಮತಿ ಹಿರಿಯರಿಗೆಲ್ಲ ನಮಸ್ಕಾರ ಮಾಡುತ್ತ ಜಗುಲಿಗೆ ಬಂದಳು. ಕಾಲು ಮುಟ್ಟುವ ಹಾಗಿಲ್ಲ. ದೂರದಲ್ಲೇ ನೆಲಕ್ಕೆ ಹಣೆ ತಾಗಿಸಿದಳು. ತಲೆ ಎತ್ತಿದಾಗ ಕಾಡಿಗೆ ಕೆನ್ನೆಗಿಳಿದಿತ್ತು. ಹಿಂದೆ ನಿಂತ ಬೀಗರಿಗೆ ಕೇಳದ ಹಾಗೆ ಪಿಸುಗುಟ್ಟಿದಳು:

"ಆಯಿ, ಒಂದು ಹೇಳು. ನಿಜಕ್ಕೂ ಹೊರಗಾ?"

ಮಹಾಲಕ್ಷ್ಮಿ ಮಗಳ ಮುಖವನ್ನು ಪೂರ್ತಿ ನೋಡಿದಳು. ಮೂಗುಬೊಟ್ಟು ಓರೆಯಾಗಿತ್ತು, ಸರಿಮಾಡಲು ಕೈ ಎದ್ದದ್ದನ್ನು ಹಿಂದಕ್ಕೆ ಎಳೆದುಕೊಂಡಳು.

"ನೀನು ಗುಳಿಗೆ ತಂದುಕೊಟ್ಟಾಗ ಆನು ನಿನ್ನ ನಂಬಿದ್ದೆ, ತಂಗೀ. ಈಗ ನೀನು ಯನ್ನ ನಂಬು."

ಶ್ರೀಮತಿ ಕೆನ್ನೆಯ ಕಾಡಿಗೆ ಒರೆಸಿಕೊಂಡು ಎದ್ದಳು. ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯಿತು. ಹೆಂಗಸರು ಅವಳನ್ನು ನಡುವೆ ಹಾಕಿಕೊಂಡು ಅಂಗಳ ದಾಟಿಸಿದರು. ಮಹಾಲಕ್ಷ್ಮಿ ತಿಳಿಯದೆಯೇ ಎದ್ದು ಎರಡು ಹೆಜ್ಜೆ ಇಟ್ಟಿದ್ದಳು. ದಾರಿಯಲ್ಲಿದ್ದ ನಂಟರು ಮೈಲಿಗೆಯೆಂದು ಗಡಬಡಿಸಿ ಎರಡು ಬದಿಗೂ ಸರಿದರು. ಅವಳು ನಿಂತಳು. ಬಸ್ಸು ಹೊನ್ನಾವರದ ಕಡೆ ಹೋದ ಮೇಲೆ ತಿರುಗಿ ಬಂದು ಮೂಲೆಯಲ್ಲಿ ಕುಳಿತಳು. ಇನ್ನೂ ಮೊದಲ ದಿನ. ಮೂರು ದಿನವೂ ಕೂರಲೇಬೇಕಿತ್ತು.